ನನ್ನ ದವಡೆಯೂ ಕೇರಿಯ ಯಜಮಾನಿಕೆಯೂ

ಈ ಸಲವೂ ನಾನು ಕೇರಿಯ ಯಜಮಾನನಾಗುವುದಿಲ್ಲ! ಆಗುವುದಿಲ್ಲ ಎಂದರೆ ಆಗುವುದಿಲ್ಲ!

ಹೀಗೆಂದು ನಾನು ಬೆಳಗಿನ ಕಾಫಿ ಲೋಟವನ್ನು ಕೈಯಲ್ಲೆತ್ತಿ, ಜಗಲಿಯ ಮೇಲೆ ನಿಂತು, ಸೋಲೋ ಪಟ್ಟಣದ ಇಡೀ ಆಕಾಶವನ್ನು ಸಾಕ್ಷಿಯಾಗಿಟ್ಟುಕೊಂಡು ಪ್ರತಿಜ್ಞೆ ಮಾಡಿದೆ. ಆಕಾಶ ಏನೂ ಹೇಳಲಿಲ್ಲ. ಕೋಲಿನ ತುದಿಯ ಪಂಜರದಲ್ಲಿದ್ದ ನನ್ನ ಪರ್ಕುತುತ್ ಹಕ್ಕಿ ಒಮ್ಮೆ ಗುಟುರು ಹಾಕಿ ಸುಮ್ಮನಾಯಿತು. ಒಳಗಿನಿಂದ ನನ್ನ ಹೆಂಡತಿ ಪರ್ತಿನಿ ಮಾತ್ರ ಉತ್ತರ ಕೊಟ್ಟಳು. ನಮ್ಮಲ್ಲಿ ಹೆಂಡತಿ ಗಂಡನನ್ನು ಕರೆಯುವುದು ‘ಪಾನೆ’ ಎಂದು, ಗಂಡ ಹೆಂಡತಿಯನ್ನು ‘ಬೂನೆ’ ಎಂದು.

“ಪ್ರತಿಜ್ಞೆ ಆಮೇಲೆ ಮಾಡೋರಂತೆ ಪಾನೆ. ಮೊದಲು ಆ ಲೋಟ ಕೊಡಿ, ತೊಳೀಬೇಕು.”

ನಮ್ಮ ಕೇರಿಯಲ್ಲಿ ಮೂರು ವರ್ಷಕ್ಕೊಮ್ಮೆ ಯಜಮಾನನ ಆಯ್ಕೆ ನಡೆಯುತ್ತದೆ. ಕುರ್ಚಿಗಾಗಿ ಜನ ಕಾಲೆಳೆದಾಡುತ್ತಾರೆ ಎಂದುಕೊಂಡಿರೋ, ಕೆಟ್ಟಿರಿ! ಇಲ್ಲಿ ಜನ ಕುರ್ಚಿಯನ್ನು ಕಂಡರೆ ಕಾಲಿಗೆ ಬುದ್ಧಿ ಹೇಳುತ್ತಾರೆ. ಚರಂಡಿ ಕಟ್ಟಿದರೆ ಯಜಮಾನ. ಬೆಕ್ಕು ಕಳೆದರೆ ಯಜಮಾನ. ಗಂಡ ಹೆಂಡಿರ ಜಗಳ ಬೀದಿಗೆ ಬಂದರೆ ಯಜಮಾನ, ಬೀದಿಗೆ ಬಾರದೆ ಒಳಗೇ ಉಳಿದರೂ ಯಜಮಾನ. ಯಾರಾದರೂ ಸತ್ತರೆ ಕುರ್ಚಿ, ಶಾಮಿಯಾನ, ಚಹಾ. ಯಾರಾದರೂ ಹುಟ್ಟಿದರೆ ಸಹಿ, ಮುದ್ರೆ, ಮತ್ತೆ ಚಹಾ. ಸಂಬಳ ಮಾತ್ರ ಸೊನ್ನೆ.

ಆಯ್ಕೆಯ ಪದ್ಧತಿ ಇನ್ನೂ ಚಂದ. ಕೈ ಎತ್ತುವುದಿಲ್ಲ, ಚೀಟಿ ಹಾಕುವುದಿಲ್ಲ. ಎಲ್ಲರೂ ಚಾಪೆಯ ಮೇಲೆ ಕೂರುತ್ತಾರೆ, ಒಬ್ಬ ಇನ್ನೊಬ್ಬನ ಹೆಸರು ಹೇಳುತ್ತಾನೆ. ಹೆಸರು ಬಂದವನು ಸುಮ್ಮನಿದ್ದನೋ, ಒಪ್ಪಿಗೆ. ‘ಅಯ್ಯೋ, ನಾನು ಅಷ್ಟಕ್ಕೆ ಯೋಗ್ಯನಲ್ಲ’ ಎಂದನೋ, ಅದು ವಿನಯ. ವಿನಯವಂತನಲ್ಲದೆ ಇನ್ಯಾರು ಯೋಗ್ಯರು? ಅಲ್ಲಿಗೂ ಒಪ್ಪಿಗೆ! ಸಭೆಗೆ ಬಾರದವನು ಹೇಗೂ ಆಯ್ಕೆಯಾದ ಹಾಗೆಯೇ. ನಡುವೆ ಎದ್ದು ಬಚ್ಚಲಿಗೆ ಹೋದವನು ಕಾಲು ತೊಳೆದು ಬರುವಷ್ಟರಲ್ಲಿ ಯಜಮಾನನಾಗಿರುತ್ತಾನೆ. ಪಾರಾಗಲು ಇರುವುದು ಒಂದೇ ದಾರಿ. ನಿಮ್ಮ ಹೆಸರು ಯಾರ ಬಾಯಿಗೂ ಬರುವ ಮೊದಲು, ನೀವೇ ಎದ್ದು ನಿಂತು ಇನ್ನೊಬ್ಬನ ಹೆಸರಿಗೆ ಹೂಮಾಲೆ ಹಾಕಿ ಕೂರಿಸಿಬಿಡಬೇಕು.

ಈ ವಿದ್ಯೆಯಲ್ಲಿ ನನ್ನನ್ನು ಮೀರಿಸಿದವರು ಇಲ್ಲ. ಎಷ್ಟಾದರೂ ನಾನು ಮರ್ಸುದಿ! ನಿವೃತ್ತಿಯವರೆಗೂ ಬಸ್ ನಿಲ್ದಾಣದ ಮೈಕಿನ ಮುಂದೆ ಕೂತು ಬಸ್ಸುಗಳನ್ನು ಊರೂರಿಗೆ ಕಳಿಸಿದವನು. ‘ವೊನೊಗಿರಿ, ಪಚಿತಾನ್! ಬ್ಲೋರಾ, ರೆಂಬಾಂಗ್, ಲಾಸೆಮ್!’ ಎಂದು ನಾನು ಕೂಗಿದರೆ ನಿದ್ದೆಯಲ್ಲಿದ್ದ ಪ್ರಯಾಣಿಕರು ಎದ್ದು ಬೇರೆ ಊರಿನ ಬಸ್ಸನ್ನೂ ಹತ್ತಿಬಿಡುತ್ತಿದ್ದರು. ಕಳೆದ ಸಲದ ಸಭೆಯಲ್ಲಿ ನಾನು ಹೊಗಳಿದ್ದು ದರ್ಜಿ ತುಕಿರನ್‌ನನ್ನು. ಅವನ ಸೂಜಿಯ ಪ್ರಾಮಾಣಿಕತೆ, ಅವನ ಕತ್ತರಿಯ ನ್ಯಾಯನಿಷ್ಠೆ! ತನ್ನ ಗುಣಗಳನ್ನು ಕೇಳಿ ತುಕಿರನ್ ತಾನೇ ಕಣ್ಣೀರು ಒರೆಸಿಕೊಳ್ಳುತ್ತಿದ್ದ. ಒರೆಸಿಕೊಂಡು ಕಣ್ಣು ಬಿಡುವಷ್ಟರಲ್ಲಿ ಯಜಮಾನನಾಗಿದ್ದ. ಅಂದಿನಿಂದ ಅವನು ನನ್ನ ಜೊತೆ ಮಾತು ಬಿಟ್ಟ. ನನ್ನ ಪ್ಯಾಂಟಿನ ಅಳತೆಯನ್ನೂ ಮುಖ ಆಚೆ ತಿರುಗಿಸಿಕೊಂಡೇ ತೆಗೆಯುತ್ತಿದ್ದ.

ಇಷ್ಟೆಲ್ಲ ಹೋರಾಟ ಯಾತಕ್ಕಾಗಿ? ನನ್ನ ಜಗಲಿಗಾಗಿ. ಬೆಳಗಿನ ಹೊತ್ತು ಆ ಬೆತ್ತದ ಕುರ್ಚಿಯಲ್ಲಿ ಒರಗಿ, ಕಣ್ಣು ಅರ್ಧ ಮುಚ್ಚಿ, ಹಕ್ಕಿಯ ಗುಟುರು ಕೇಳುತ್ತ ಕೂತರೆ, ನಾನು ಜೀವನವಿಡೀ ಬೇರೆಯವರನ್ನು ಕಳಿಸಿದ ಊರುಗಳೆಲ್ಲ ಒಂದೊಂದಾಗಿ ನನ್ನನ್ನು ನೋಡಲು ಬರುತ್ತವೆ. ರೆಂಬಾಂಗಿನ ಉಪ್ಪಿನ ಗದ್ದೆಗಳು ಬಿಸಿಲಿಗೆ ಹೊಳೆಯುತ್ತವೆ. ಬ್ಲೋರಾದ ತೇಗದ ಕಾಡು ಎಲೆ ಉದುರಿಸುತ್ತದೆ. ನಾನು ಈ ಊರುಗಳನ್ನು ಒಂದನ್ನೂ ಕಂಡವನಲ್ಲ, ಹಾಗಾಗಿ ಅವು ನಾನು ಹೇಳಿದ ಹಾಗೆ ಕೇಳಿಕೊಂಡು ಇರುತ್ತವೆ. ಈ ಸುಖದ ನಡುವೆ ಬಂದು ಯಾರಾದರೂ ‘ಚರಂಡಿ ಕಟ್ಟಿದೆ’ ಎಂದರೆ ನನ್ನ ಗತಿ ಏನು?

ಆದ್ದರಿಂದ ಸಭೆಗೆ ಒಂದು ವಾರ ಇರುವಾಗಲೇ ಕನ್ನಡಿಯ ಮುಂದೆ ತಾಲೀಮು ಶುರುಮಾಡಿದೆ. ಈ ಸಲದ ಬಲಿ ಕಬ್ಬಿಣದಂಗಡಿಯ ಹರ್ಜೋ. ಎಡಗೈಯಲ್ಲಿ ಅಂಗೈಯಗಲದ ಅಕ್ಕಿ ಹಪ್ಪಳ, ಬಲಗೈಯಲ್ಲಿ ಅಭಿನಯ.

“ಬಂಧುಗಳೇ! ಹರ್ಜೋ ಅವರ ಎದೆಯಲ್ಲಿರುವ ಕಬ್ಬಿಣ ಅವರ ಅಂಗಡಿಯಲ್ಲಿಯೂ ಇಲ್ಲ!” ಎಂದು ಬಾಯಿಯನ್ನು ಆದಷ್ಟೂ ಅಗಲಿಸಿ, ಆ ಆವೇಶದಲ್ಲೇ ಹಪ್ಪಳಕ್ಕೂ ಬಾಯಿ ಹಾಕಿದೆ.

ಟಕ್!

ಹಪ್ಪಳ ಮುರಿದ ಸದ್ದು ಎಂದುಕೊಂಡೆ. ಅಲ್ಲ, ಹಪ್ಪಳ ಇಡಿಯಾಗಿ ಕೈಯಲ್ಲೇ ಇತ್ತು. ಸದ್ದು ಬಂದದ್ದು ನನ್ನ ಬಲಗಿವಿಯ ಮುಂದಿನಿಂದ. ಬಾಯಿ ಮುಚ್ಚಿಕೊಂಡಿತು, ಆಮೇಲೆ ತೆರೆಯಲೊಲ್ಲದು! ಒಂದು ಬೆರಳು ತೂರುವಷ್ಟು ಸಂದಿ, ಅಷ್ಟೇ. ಅದರ ಮೇಲೆ ಎಳೆದರೆ ಕಿವಿಯಲ್ಲಿ ಬೆಂಕಿ ಹೊತ್ತಿದ ಹಾಗೆ ನೋವು.

ಪರ್ತಿನಿ ಓಡಿಬಂದಳು. “ಏನಾಯ್ತು ಪಾನೆ?”

“ಉಂ... ಹ್ವಾಯಿ... ಹೆಗೆಯೋಲ್ಲ.”

“ಬಾಯಿ ತೆಗೆಯೋಲ್ವಾ?” ಅವಳು ನನ್ನ ಮುಖವನ್ನು ಎರಡೂ ಕೈಯಲ್ಲಿ ಹಿಡಿದು ಆಚೆ ಈಚೆ ತಿರುಗಿಸಿ ನೋಡಿದಳು. “ಮಾತೂ ಬರೋಲ್ವಾ?”

ನಾನು ಕಣ್ಣೀರು ತುಂಬಿಕೊಂಡು ತಲೆಯಾಡಿಸಿದೆ. ಅವಳು ಗೋಡೆಯ ಕಡೆ ಕಣ್ಣು ಹಾಯಿಸಿದಳು. ಮನೆಯಲ್ಲಿ ಗಡಿಯಾರದ ಟಿಕ್ ಟಿಕ್ ಕೇಳಿಸುತ್ತಿತ್ತು. “ಈ ಗಡಿಯಾರ ಸದ್ದು ಮಾಡುತ್ತೆ ಅಂತ ನನಗೆ ಗೊತ್ತೇ ಇರಲಿಲ್ಲ ನೋಡಿ” ಎಂದು ಮೆಲ್ಲಗೆ ಹೇಳಿದಳು. ಆಮೇಲೆ, ಪಾಪ, ಚೀಲ ಹೆಗಲಿಗೇರಿಸಿ ನನ್ನನ್ನು ಫಿಜಿಯೋಥೆರಪಿಗೆ ಹೊರಡಿಸಿದಳು.

ಅಲ್ಲಿನ ಚಿಕಿತ್ಸಕಿ ಬೂ ಪಲುಪಿ ಗುಂಡು ಮುಖದ, ತಣ್ಣನೆಯ ಕೈಯ ಹೆಂಗಸು. ನಮ್ಮಲ್ಲಿ ಹೆಂಗಸರನ್ನು ಗೌರವದಿಂದ ‘ಬೂ’ ಎಂದೂ ಗಂಡಸರನ್ನು ‘ಪಾ’ ಎಂದೂ ಕರೆಯುತ್ತಾರೆ. ಆಕೆಯ ಕೋಣೆಯಲ್ಲಿ ನಿಂಬೆಹುಲ್ಲಿನ ಎಣ್ಣೆಯ ವಾಸನೆ ತೇಲುತ್ತಿತ್ತು. ಆಕೆ ನನ್ನ ಕಿವಿಯ ಮುಂದೆ ಬೆರಳಿಟ್ಟು, “ಮೆಲ್ಲಗೆ ಬಾಯಿ ತೆಗೀರಿ ಪಾ” ಎಂದಳು. ನಾನು ತೆಗೆದೆ. ಅಂದರೆ, ತೆಗೆಯುವ ಆಸೆ ತೋರಿಸಿದೆ.

“ನಿಮ್ಮದೇ ಮೂರು ಬೆರಳು ಒಂದರ ಮೇಲೊಂದು ಜೋಡಿಸಿದರೆ ಬಾಯೊಳಗೆ ಹೋಗಬೇಕು. ನಿಮ್ಮದು ಒಂದಕ್ಕೇ ನಿಂತಿದೆ” ಎಂದಳು ಬೂ ಪಲುಪಿ. “ಇಲ್ಲಿ ಕೀಲಿದೆಯಲ್ಲ, ಅದರೊಳಗೆ ಒಂದು ಪುಟ್ಟ ಮೆತ್ತೆ ಇರುತ್ತೆ. ಅದು ಜಾಗ ಬಿಟ್ಟು ಮುಂದಕ್ಕೆ ಜಾರಿದೆ. ಬಾಗಿಲ ಸಂದಿಗೆ ಚಪ್ಪಲಿ ಸಿಕ್ಕಿಕೊಂಡ ಹಾಗೆ. ಬಾಗಿಲು ಎಷ್ಟು ನೂಕಿದರೂ ಅಷ್ಟೇ.” ಆಮೇಲೆ ಕೇಳಿದಳು: “ಜಾಸ್ತಿ ಮಾತಾಡೋ ಕೆಲಸವೇನಾದ್ರೂ ಮಾಡ್ತಿದ್ರಾ?”

“ಬಸ್ ನಿಲ್ದಾಣದ ಮೈಕಿನ ಕೆಲಸ, ದಿನವಿಡೀ ಮಾತಾಡ್ತಿದ್ರು” ಎಂದಳು ಪರ್ತಿನಿ. “ಮನೆಗೆ ಬಂದು ಸುಧಾರಿಸಿಕೊಳ್ಳೋಕೆ ಇನ್ನಷ್ಟು ಮಾತಾಡ್ತಿದ್ರು.”

ನನಗೆ ಉತ್ತರ ಕೊಡಬೇಕೆಂದು ಎಷ್ಟು ಆಸೆಯಾಯಿತೆಂದರೆ! ಆದರೆ ಬಿಸಿನೀರಿನಲ್ಲಿ ಅದ್ದಿ ಹಿಂಡಿದ ಟವೆಲ್ಲು ನನ್ನ ಕೆನ್ನೆಗಳನ್ನು ಸುತ್ತಿಕೊಂಡುಬಿಟ್ಟಿತ್ತು. ಅದರ ಹಬೆಯಲ್ಲಿ ನನ್ನ ಕೋಪ ಕರಗಿತು. ಕಣ್ಣು ತಾನಾಗಿ ಮುಚ್ಚಿತು. ದೂರದಲ್ಲಿ ಎಲ್ಲೋ ಒಂದು ಬಸ್ಸು ಮೆಲ್ಲಗೆ ಇಂಜಿನ್ನು ಶುರು ಮಾಡಿತು. ಬೂ ಪಲುಪಿ ಕೈಗವಸು ತೊಟ್ಟ ಹೆಬ್ಬೆರಳನ್ನು ನನ್ನ ಕೆಳದವಡೆಯ ಹಿಂಬದಿಯ ಹಲ್ಲಿನ ಮೇಲಿಟ್ಟು ಹಿತವಾಗಿ ಕೆಳಕ್ಕೆ ಒತ್ತುತ್ತಿದ್ದಳು. ನಾನು ಲಾಸೆಮಿನ ಹಾದಿಯಲ್ಲಿದ್ದೆ. ಕಿಟಕಿಯ ಆಚೆ ಮಾವಿನ ಮರಗಳು ಹಿಂದಕ್ಕೆ ಹೋಗುತ್ತಿದ್ದವು. ನೋವು ಹಿಂದಿನ ಸೀಟಿನಲ್ಲಿ ಕೂತ ಯಾರೋ ಅಪರಿಚಿತನಂತೆ ದೂರವಾಗಿತ್ತು.

“ಎದ್ದೇಳಿ ಪಾ, ನಿದ್ದೆ ಬಂತಾ?”

ಆಕೆ ಮಂತ್ರೋಪದೇಶ ಮಾಡಿದಳು: ತುಟಿ ಮುಚ್ಚಿರಬೇಕು, ಒಳಗೆ ಮೇಲಿನ ಕೆಳಗಿನ ಹಲ್ಲು ಒಂದಕ್ಕೊಂದು ತಾಗದೆ ಬಿಟ್ಟಿರಬೇಕು, ನಾಲಿಗೆಯ ತುದಿ ಮೇಲಿನ ಹಲ್ಲಿನ ಹಿಂದೆ ಅಂಗುಳಕ್ಕೆ ತಾಗಿರಬೇಕು. ದಿನವಿಡೀ ಹೀಗೇ. ಹಪ್ಪಳ, ಕಡಲೆಬೀಜ ಕೂಡದು. ಗಂಜಿ, ಮೆತ್ತನೆಯ ಅನ್ನ. ಆಕಳಿಕೆ ಬಂದರೆ ಗಲ್ಲದ ಕೆಳಗೆ ಮುಷ್ಟಿ ಹಿಡಿಯಬೇಕು. ಇನ್ನೊಂದಿತ್ತು.

“ನಿಲ್ದಾಣದ ಮೈಕಿಗೆ ಬಾಗಿ ಬಾಗಿ ನಿಮ್ಮ ಕತ್ತೂ ಮುಂದೆ ಬಂದಿದೆ. ನೇರ ಕೂತು ಗಲ್ಲವನ್ನ ಹಿಂದಕ್ಕೆಳೀರಿ. ಗಲ್ಲದ ಕೆಳಗೆ ಇನ್ನೊಂದು ಗಲ್ಲ ಬರಬೇಕು, ಹಾಂ, ಹಾಗೆ! ಸ್ವಲ್ಪ ಹಿಡೀರಿ. ಬಿಡಿ. ಮತ್ತೆ ಎಳೀರಿ. ಕೂತಾಗೆಲ್ಲ ಮಾಡ್ತಾ ಇರಿ.”

ಕನ್ನಡಿಯಲ್ಲಿ ನೋಡಿದೆ. ಎಲ್ಲವನ್ನೂ ತಿಳಿದ ಹಿರಿಯನೊಬ್ಬ, ‘ಹೌದು ಮಗು, ಹೌದು’ ಎಂದು ಗಂಭೀರವಾಗಿ ತಲೆದೂಗುತ್ತಿರುವ ಹಾಗೆ ಕಾಣುತ್ತಿತ್ತು. ನನಗೇ ನನ್ನ ಮೇಲೆ ಗೌರವ ಬಂತು.

ನಾನು ಕೈ ಬಾಯಿ ತಿರುಗಿಸಿ ಅಭಿನಯಿಸಿದೆ. ಪರ್ತಿನಿ ಅನುವಾದ ಮಾಡಿದಳು. “ಭಾನುವಾರ ಸಭೆ ಇದೆ, ಭಾಷಣ ಮಾಡಬಹುದಾ ಅಂತಿದ್ದಾರೆ.”

“ಭಾಷಣವಾ!” ಬೂ ಪಲುಪಿ ಎದೆ ಮುಟ್ಟಿಕೊಂಡಳು. “ಒಂದೆರಡು ಸಣ್ಣ ಮಾತು ಆಡಿ, ಬೇಡ ಅನ್ನಲ್ಲ. ಬಾಯಿ ಅಗಲಿಸಿ ಭಾಷಣ ಮಾಡಿದ್ರೋ, ಮತ್ತೆ ಮೊದಲಿನಿಂದ ಶುರು.”

ಹೀಗೆ ನನ್ನ ಕತ್ತಿಯನ್ನು ಕಿತ್ತುಕೊಂಡು, ಬರಿಗೈಯಲ್ಲಿ ನನ್ನನ್ನು ಯುದ್ಧಕ್ಕೆ ಬಿಟ್ಟರು!

ಜಗಲಿಗೆ ಬಂದು ಕೂತೆ. ತುಟಿ ಮುಚ್ಚಿ, ಹಲ್ಲು ಬಿಟ್ಟು, ನಾಲಿಗೆ ಮೇಲೆ. ಗಲ್ಲ ಹಿಂದೆ, ಗಲ್ಲ ಮುಂದೆ. ಒಂದು ವಿಚಿತ್ರವಾದ ಶಾಂತಿ. ಮಾತಾಡುವ ಚಟ ಇದ್ದವನಿಗೆ ಲೋಕ ಇಷ್ಟು ಮೆತ್ತಗಿದೆ ಎಂದು ಗೊತ್ತಿರುವುದಿಲ್ಲ. ಪಕ್ಕದ ಮನೆಯವರು ಬಟ್ಟೆ ಒಣಹಾಕುವ ಸದ್ದು, ಎಲ್ಲೋ ಬೆಲ್ಲ ಕಾಯುವ ವಾಸನೆ, ಬಿಸಿಲು ನನ್ನ ಕಾಲಿನಿಂದ ಮಂಡಿಗೆ ಹತ್ತುವ ನಿಧಾನ. ಈ ಪರವಶತೆಯಲ್ಲಿ ನಾನಿರುವಾಗಲೇ ಗೇಟಿನಲ್ಲಿ ಕಬ್ಬಿಣದಂಗಡಿಯ ಹರ್ಜೋ ಕಾಣಿಸಿಕೊಂಡ.

“ಪಾ ಮರ್ಸುದಿ, ನೀವೇ ಹೇಳಿ. ನನ್ನ ಮಾವಿನ ಮರದ ಎಲೆ ಬೂ ಲಸ್ತ್ರಿ ಮನೆ ಮೇಲೆ ಬೀಳುತ್ತಂತೆ. ಎಲೆ ಬೀಳದೆ ಮೇಲಕ್ಕೆ ಹಾರುತ್ತಾ?”

ನನಗೆ ಹೇಳಲು ಎಷ್ಟು ಮಾತಿತ್ತು! ಆದರೆ ನಾಲಿಗೆ ಅಂಗುಳಕ್ಕೆ ಅಂಟಿತ್ತು. ನಾನು ಗಲ್ಲವನ್ನು ಹಿಂದಕ್ಕೆಳೆದೆ. ಬಿಟ್ಟೆ. ಮತ್ತೆ ಎಳೆದೆ.

“ಹಾಂ, ನೋಡಿದ್ರಾ! ನಿಮಗೆ ಅರ್ಥವಾಯ್ತು” ಎಂದು ಹರ್ಜೋ ಚಾಪೆಯ ಮೇಲೆ ಕೂತೇಬಿಟ್ಟ. ಮರವನ್ನು ನೆಟ್ಟದ್ದು ತನ್ನ ತಂದೆ ಎಂದ. ತಂದೆಗೆ ಮಾವು ಎಂದರೆ ಪ್ರಾಣ ಎಂದ. ಹೇಳುತ್ತ ಹೇಳುತ್ತ ಅವನ ದನಿ ಇಳಿಯಿತು. “ಆದರೂ ನೋಡಿ, ಆ ಹೆಂಗಸು ಒಂಟಿ. ಸೂರು ಹತ್ತಿ ಗುಡಿಸೋದು ಪಾಪ, ಅವಳೇ ಅಲ್ವಾ?” ನಾನು ಗಲ್ಲ ಎಳೆದೆ. “ನೀವು ಹಾಗಂತೀರಾ? ಸರಿ, ಆ ಕಡೆ ಕೊಂಬೆ ಕಡಿಸಿಬಿಡ್ತೀನಿ.” ಎದ್ದು ಹೋದ!

ಅವನು ಹೋಗಿ ಅರೆಗಳಿಗೆಗೆ ಬೂ ಲಸ್ತ್ರಿ ಬಂದಳು. ಅವಳೂ ಮಾತಾಡಿದಳು, ನಾನೂ ಗಲ್ಲ ಎಳೆದೆ. “ನನಗೆ ಗೊತ್ತಿತ್ತು ಪಾ, ನಿಮಗೆ ನನ್ನ ಕಷ್ಟ ಅರ್ಥ ಆಗುತ್ತೆ ಅಂತ. ಹೋಗ್ಲಿ ಬಿಡಿ, ಅವನ ಮರದ ಹಣ್ಣು ನಾನೂ ತಿಂದಿದ್ದೀನಿ” ಎಂದು ಕಣ್ಣೊರೆಸಿಕೊಂಡು ಹೋದಳು. ಸಂಜೆಗೆ ಇಬ್ಬರೂ ರಸ್ತೆಯಲ್ಲಿ ನಿಂತು ನಗುತ್ತ ಮಾತಾಡುವುದನ್ನು ಇಡೀ ಕೇರಿ ಕಂಡಿತು.

ಅಲ್ಲಿಗೆ ನನ್ನ ಕೀರ್ತಿ ಹಬ್ಬಿತು. ಮಾರನೆಯ ದಿನ ಒಬ್ಬರು ಸೊಸೆಯ ವಿಷಯ ತಂದರು, ಇನ್ನೊಬ್ಬರು ಅಳಿಯನ ವಿಷಯ. ನಾನು ತಡೆಯಲಿಲ್ಲ. ತಡೆಯುವುದಾದರೂ ಹೇಗೆ? ನಿಜ ಹೇಳಬೇಕೆಂದರೆ ನನಗೂ ಹಿತವೆನಿಸುತ್ತಿತ್ತು. ಅವರ ಮಾತು ಒಂದು ಕಡೆ ಹರಿಯುತ್ತಿತ್ತು, ನಾನು ಬ್ಲೋರಾದ ತೇಗದ ಎಲೆಗಳ ಮೇಲೆ ಮೆತ್ತಗೆ ನಡೆಯುತ್ತಿದ್ದೆ.

“ಜೋಪಾನ ಪಾನೆ” ಎಂದಳು ಪರ್ತಿನಿ, ಗಂಜಿಯ ಬಟ್ಟಲು ಮುಂದಿಟ್ಟು. “ಭಾನುವಾರ ಹತ್ತಿರ ಬಂತು. ಕೇರಿಯ ಬಾಯಲ್ಲೆಲ್ಲ ನಿಮ್ಮ ಹೆಸರೇ ಇದೆ.”

ನಾನು ಬೆಚ್ಚಿಬಿದ್ದೆ. ನಿಜ! ಈ ಸುಖದಲ್ಲಿ ಮೂಲ ಅಪಾಯವನ್ನೇ ಮರೆತಿದ್ದೆ. ಯಜಮಾನಿಕೆ ತಲೆಗೆ ಕಟ್ಟಿದರೆ ಈ ಜಗಲಿ ಕಚೇರಿಯಾಗುತ್ತದೆ, ನನ್ನ ಊರುಗಳೆಲ್ಲ ದಾರಿ ತಪ್ಪುತ್ತವೆ. ಆಗ ಹೊಳೆಯಿತು ಒಂದು ಉಪಾಯ. ಭಾಷಣ ಬೇಡ ಎಂದರು. ಸಣ್ಣ ಮಾತು ಆಡಬಹುದು ಎಂದರಲ್ಲ! ‘ಹರ್ಜೋ’ ಎಂಬುದು ಸಣ್ಣ ಮಾತೇ ಅಲ್ಲವೇ? ಸಭೆ ಶುರುವಾದ ಕೂಡಲೇ ಹಲ್ಲಿನ ಸಂದಿಯಿಂದ ‘ಹರ್ಜೋ!’ ಎಂದುಬಿಟ್ಟರೆ ತೀರಿತು. ರಾತ್ರಿ ಮಲಗಿಯೂ ಅದನ್ನೇ ಜಪಿಸಿದೆ.

ಭಾನುವಾರ ತುಕಿರನ್‌ನ ಮನೆಯ ನಡುಮನೆ ತುಂಬಿತ್ತು. ಗಂಡಸರೆಲ್ಲ ಇಸ್ತ್ರಿ ಮಾಡಿದ ಬಾಟಿಕ್ ಅಂಗಿ ತೊಟ್ಟು ಗೋಡೆಗೊರಗಿ ಕೂತಿದ್ದರು. ಯಾರೂ ಯಾರ ಕಣ್ಣನ್ನೂ ಸಂಧಿಸುತ್ತಿರಲಿಲ್ಲ. ಹಿಂದಿನ ಅಡುಗೆಮನೆಯಲ್ಲಿ ಹೆಂಗಸರು ಬಾಳೆಲೆಯ ತಿಂಡಿ ಬಿಚ್ಚುತ್ತ ಪಿಸುಗುಡುತ್ತಿದ್ದರು. ನನಗೆ ಬಿಸಿ ಬಿಸಿ ಶುಂಠಿ ಬೆಲ್ಲದ ಪಾನಕ ಬಂತು. ಗುಟುಕರಿಸಿದೆ. ಅಯ್ಯೋ, ಎಂಥ ಹಿತ! ಬಿಸಿ ಕೆನ್ನೆಯ ಒಳಗೆಲ್ಲ ಹರಡಿ, ಟವೆಲ್ಲಿನ ನೆನಪು ತಂದಿತು.

ಕೇರಿಗೆಲ್ಲ ಹಿರಿಯರಾದ ಕರ್ತೋ ಅಜ್ಜ ಸ್ವಾಗತ ಶುರುಮಾಡಿದರು. ಅವರ ಸ್ವಾಗತ ಗೊತ್ತಲ್ಲ. ದೇವರಿಗೆ ವಂದನೆ, ಪೂರ್ವಿಕರಿಗೆ ವಂದನೆ, ಬಂದವರಿಗೆ ವಂದನೆ, ಬರಲಾಗದವರಿಗೂ ವಂದನೆ. ಫ್ಯಾನು ಗುಯ್ ಎನ್ನುತ್ತಿತ್ತು. ನಾನು ನೇರ ಕೂತು, ತುಟಿ ಮುಚ್ಚಿ, ಹಲ್ಲು ಬಿಟ್ಟು, ಗಲ್ಲ ಹಿಂದೆ, ಗಲ್ಲ ಮುಂದೆ. ಸ್ವಾಗತ ಮುಗಿಯಲಿ, ಹರ್ಜೋ ಎನ್ನುತ್ತೇನೆ. ಇನ್ನೇನು ಮುಗಿಯಿತು. ಹರ್ಜೋ... ಹರ್ಜೋ... ಗಲ್ಲ ಹಿಂದೆ...

ಬಸ್ಸು ನಿಲ್ದಾಣದಿಂದ ಹೊರಟೇಬಿಟ್ಟಿತು. ಈ ಸಲ ಮೈಕಿನಲ್ಲಿ ಕೂಗುತ್ತಿದ್ದವನು ನಾನಲ್ಲ. ನಾನು ಕಿಟಕಿಯ ಪಕ್ಕದ ಸೀಟಿನಲ್ಲಿದ್ದೆ! ಹೊರಗೆ ಬೆಳ್ಳಗೆ ಉಪ್ಪಿನ ಗದ್ದೆ, ಅದರಾಚೆ ನೀಲಿಯಾಗಿ ಕಡಲು. ಬಸ್ಸಿನೊಳಗೆ ನನ್ನ ಕೇರಿಯವರೆಲ್ಲ ಒಳ್ಳೆಯ ಬಟ್ಟೆ ಹಾಕಿಕೊಂಡು ಕೂತಿದ್ದರು. ಕಂಡಕ್ಟರು ನಡುವೆ ನಡೆದು ಬಂದ. ಹತ್ತಿರ ಬಂದಾಗ ನೋಡುತ್ತೇನೆ, ದರ್ಜಿ ತುಕಿರನ್! ಕೊರಳಲ್ಲಿ ಅಳತೆಪಟ್ಟಿ ನೇತಾಡುತ್ತಿದೆ. ಅವನು ನನ್ನ ಬಗ್ಗೆ ಏನೋ ಹೇಳುತ್ತಿದ್ದಾನೆ. ಕೇಳುವ ಕಿವಿ ಎನ್ನುತ್ತಿದ್ದಾನೆ, ಆಳವಾದ ಮೌನ ಎನ್ನುತ್ತಿದ್ದಾನೆ, ಜಗಳ ಬಿಡಿಸಿದ ಜಾಣ್ಮೆ ಎನ್ನುತ್ತಿದ್ದಾನೆ. ಎಷ್ಟು ಒಳ್ಳೆಯವನು ಈ ತುಕಿರನ್! ನನ್ನ ಕಣ್ಣು ತುಂಬಿಬಂತು. ಕೊನೆಗೆ ಅವನು ಬಾಗಿ, “ಪಾ, ಕೊನೇ ನಿಲ್ದಾಣದವರೆಗೂ ಹೋಗೋಕೆ ಒಪ್ಪಿಗೆ ತಾನೇ?” ಎಂದ. ಲಾಸೆಮಿಗೆ ಹೋಗಲು ಬೇಡವೆನ್ನುವವರುಂಟೇ? ಮನಸಾರೆ ತಲೆಯಾಡಿಸಿದೆ. ಒಮ್ಮೆ ಅಲ್ಲ, ಮತ್ತೆ ಮತ್ತೆ ಆಡಿಸಿದೆ.

ಚಪ್ಪಾಳೆ! ಕಡಲಿಗೆ ಯಾಕೆ ಚಪ್ಪಾಳೆ ಹೊಡೆಯುತ್ತಾರೆ ಎಂದು ಕಣ್ಣು ಬಿಟ್ಟೆ.

ಕಡಲಿರಲಿಲ್ಲ. ತುಕಿರನ್ ನನ್ನೆದುರು ನಿಂತಿದ್ದ. ಅವನ ಮುಖದಲ್ಲಿ ಮೂರು ವರ್ಷದಿಂದ ಕೂಡಿಟ್ಟ ನಗು ಒಟ್ಟಿಗೇ ಅರಳಿತ್ತು. “ಒಪ್ಪಿದ್ರು! ಎಲ್ಲರೂ ನೋಡಿದ್ರಲ್ಲ? ಪಾ ಮರ್ಸುದಿ ತಲೆ ಆಡಿಸಿ ಆಡಿಸಿ ಒಪ್ಪಿದ್ರು!”

ನನ್ನ ಬಾಯಿ ಬಿಟ್ಟುಕೊಂಡಿತು. ಆಶ್ಚರ್ಯಕ್ಕೋ, ಭಯಕ್ಕೋ, ದವಡೆ ಎದೆಯವರೆಗೂ ಜೋತುಬಿತ್ತು. ಟಕ್! ಬಲಗಿವಿಯ ಮುಂದೆ ಏನೋ ಜಾರಿ ತನ್ನ ಜಾಗದಲ್ಲಿ ಕೂತಿತು. ನೋವೇ ಇಲ್ಲ! ನಾನು ನಂಬಲಾರದೆ ಮೂರು ಬೆರಳು ಜೋಡಿಸಿ ಎಲ್ಲರ ಮುಂದೆಯೇ ಬಾಯೊಳಗಿಟ್ಟೆ. ಸಲೀಸಾಗಿ ಹೋದವು.

“ನೋಡಿ, ಪಾಪ! ಅಳು ಬರದ ಹಾಗೆ ಬೆರಳು ಕಚ್ಚಿಕೊಳ್ತಿದ್ದಾರೆ” ಎಂದ ಹರ್ಜೋ, ತನ್ನ ಕಣ್ಣನ್ನೂ ಒರೆಸಿಕೊಳ್ಳುತ್ತ.

ನಾನು ಬೆರಳು ಕಿತ್ತು ಎದ್ದು ನಿಂತೆ. ಬೂ ಪಲುಪಿ ಕ್ಷಮಿಸಲಿ! ಬಸ್ ನಿಲ್ದಾಣದ ಹಳೆಯ ಕಂಠ ನುಗ್ಗಿಬಂತು. “ಆಗಲ್ಲ! ನನ್ನಿಂದ ಖಂಡಿತಾ ಆಗಲ್ಲ! ನಾನು ಇದಕ್ಕೆ ಯೋಗ್ಯನಲ್ಲ!”

“ಆಹಾ, ಎಂಥ ಸೌಜನ್ಯ!” ಎಂದರು ಕರ್ತೋ ಅಜ್ಜ.

“ಸೌಜನ್ಯ ಅಲ್ಲ ಅಜ್ಜ! ನಾನು ಸೋಮಾರಿ! ಯಾರ ಮಾತನ್ನೂ ಕೇಳಿಸಿಕೊಳ್ಳಲಿಲ್ಲ, ಗಲ್ಲದ ವ್ಯಾಯಾಮ ಮಾಡ್ತಿದ್ದೆ! ನಿದ್ದೆ ಮಾಡ್ತಿದ್ದೆ!”

“ತನ್ನ ಒಳ್ಳೆಯತನವನ್ನ ತಾನೇ ಬಚ್ಚಿಡೋದು ನೋಡಿ!” ಅಜ್ಜ ಕೈ ಮುಗಿದರು. “ಎರಡು ಸಲ ಬೇಡ ಅಂದ್ರು. ನಮ್ಮ ಅಪ್ಪನ ಕಾಲದಲ್ಲಿ ಹೀಗೆ ಮೂರು ಸಲ ಬೇಡ ಅನ್ನೋರು ಇರ್ತಿದ್ರು.”

“ಬೇಡ ಬೇಡ ಬೇಡ!” ಎಂದು ಚೀರಿದೆ.

“ಮೂರನೇ ಸಲವೂ ಆಯ್ತು! ಇನ್ನೇನು ಬೇಕು?” ಸಭೆಗೆ ಸಭೆಯೇ ಎದ್ದು ನಿಂತಿತು. ಯಾರೋ ಹಿಂದಿನಿಂದ, “ದನಿಯೂ ವಾಪಸು ಬಂತು ಮಾರಾಯರೇ! ಇನ್ನು ಚರಂಡಿ ಶುಚಿ ಮಾಡೋಕೆ ಜನರನ್ನ ಕರೆಯೋದಕ್ಕೆ ಮೈಕು ಬೇಕಿಲ್ಲ” ಎಂದರು.

ತುಕಿರನ್ ಕೇರಿಯ ಕುರ್ಚಿ, ಶಾಮಿಯಾನ ಇಡುವ ಕೋಣೆಯ ಬೀಗದ ಕೈಯನ್ನು ನನ್ನ ಅಂಗೈಯಲ್ಲಿಟ್ಟು ಬೆರಳುಗಳನ್ನು ಒಂದೊಂದಾಗಿ ಮಡಿಸಿದ. “ಪಾ ಮರ್ಸುದಿ, ಒಂದು ಬಾಟಿಕ್ ಅಂಗಿ ಹೊಲಿದುಕೊಡ್ತೀನಿ. ಮೂರು ವರ್ಷ ತಡೀಬೇಕಲ್ಲ, ಹೊಲಿಗೆ ಗಟ್ಟಿಯಾಗೇ ಹಾಕ್ತೀನಿ” ಎಂದ. ಮಾತು ಬಿಟ್ಟ ಮೇಲೆ, ನಾನು ಎಚ್ಚರವಿದ್ದಾಗ, ಅವನು ನನಗೆ ಆಡಿದ ಮೊದಲ ಮಾತದು.

ಮರುದಿನ ಬೂ ಪಲುಪಿ ಅಳತೆ ನೋಡಿ ಹುಬ್ಬೇರಿಸಿದಳು. “ಮೂರು ಬೆರಳು! ಏನು ಮಾಡಿದ್ರಿ ಪಾ?”

“ಯಜಮಾನಿಕೆ ಕೊಟ್ರು” ಎಂದಳು ಪರ್ತಿನಿ. “ಅದನ್ನ ಕೇಳಿ ಬಾಯಿ ಬಿಟ್ರು.”

ಬೂ ಪಲುಪಿ ನಕ್ಕು ನಕ್ಕು ಕೈಗವಸನ್ನು ತಪ್ಪು ಕೈಗೆ ತೊಟ್ಟಳು. ಆಮೇಲೆ ಬೆರಳು ತೋರಿಸಿ ಹೇಳಿದಳು: “ಇದು ನಿಮ್ಮ ಪುಣ್ಯ, ಎಲ್ಲರಿಗೂ ಹೀಗೆ ಆಗಲ್ಲ. ಕೂತ ಮೆತ್ತೆ ಮತ್ತೆ ಜಾರಬಾರದು ಅಂದ್ರೆ ಇನ್ನೂ ಕೆಲವು ತಿಂಗಳು ಕಡಿಮೆ ಮಾತು. ನಾಲಿಗೆ ಮೇಲೆ, ಹಲ್ಲು ಬಿಟ್ಟು. ಗೊತ್ತಾಯ್ತಾ?”

ಹೀಗೆ ನನ್ನ ಜಗಲಿ ಹೋಯಿತು. ಬೆಳಗಾದರೆ ಗೇಟಿನ ಮುಂದೆ ಚಪ್ಪಲಿಗಳ ಸಾಲು. ಬೆಕ್ಕು ಬಂತು, ಚರಂಡಿ ಬಂತು, ಅಳಿಯ ಸೊಸೆಯರು ಬಂದರು. ನಾನು ತುಟಿ ಮುಚ್ಚಿ ಕೂತಿರುತ್ತೇನೆ. ಮೊದಮೊದಲು ರೆಂಬಾಂಗಿಗೆ ತಪ್ಪಿಸಿಕೊಂಡು ಹೋಗಲು ನೋಡಿದೆ. ಆದರೆ ಈಗ ಯಜಮಾನ, ನಿದ್ದೆಯಲ್ಲಿ ತಲೆಯಾಡಿಸಿದರೆ ಇನ್ನೇನಕ್ಕೆ ಒಪ್ಪಿಕೊಂಡಿರುತ್ತೇನೋ ಎಂಬ ಹೆದರಿಕೆ. ಹಾಗಾಗಿ ವಿಧಿಯಿಲ್ಲದೆ ನಿಜವಾಗಿಯೂ ಕೇಳಿಸಿಕೊಳ್ಳತೊಡಗಿದೆ. ಈ ವಯಸ್ಸಿನಲ್ಲಿ!

ಹೋದ ತಿಂಗಳು ಒಂದು ಬೆಳಗ್ಗೆ ಜನ ಕರಗುತ್ತ ಬಂದಿದ್ದರು. ಬಿಸಿಲು ಇನ್ನೂ ಎಳೆಯದು, ಗಾಳಿಯಲ್ಲಿ ಮಲ್ಲಿಗೆ. ಕೊನೆಯವನಾಗಿ ಹರ್ಜೋ ಎದ್ದು ಹೋದ. ಇನ್ನೇನು ಕಣ್ಣು ಮುಚ್ಚಬೇಕು, ಗೇಟಿನಲ್ಲಿ ದನಿ: “ಕುಲೋ ನುವುನ್! ಒಳಗೆ ಬರಬಹುದಾ?”

ನೋಡಿದರೆ ಪರ್ತಿನಿ! ಹಿತ್ತಿಲ ಬಾಗಿಲಿನಿಂದ ಹೋಗಿ, ಬೀದಿ ಸುತ್ತಿ, ಮುಂಬಾಗಿಲಿಗೆ ಬಂದಿದ್ದಾಳೆ. ಮದುವೆಮನೆಗೆ ಹೋಗುವಾಗಿನ ಹಸಿರು ಕೆಬಾಯಾ ಕುಪ್ಪಸ ತೊಟ್ಟಿದ್ದಾಳೆ. ಚಪ್ಪಲಿ ಸಾಲಾಗಿ ಬಿಟ್ಟು, ಎದುರಿನ ಚಾಪೆಯ ಮೇಲೆ ಮಂಡಿ ಮಡಿಸಿ ಕೂತಳು.

“ಯಜಮಾನರೇ, ನನ್ನದೊಂದು ದೂರಿದೆ.”

“ಯಾರ ಮೇಲೆ ಬೂನೆ?” ಎಂದೆ ನಗುತ್ತ.

“ನನ್ನ ಗಂಡನ ಮೇಲೆ. ಅವರು ನಾನು ಹೇಳೋದನ್ನ ಕೇಳಿಸಿಕೊಳ್ಳೋಲ್ಲ. ನೀವು ಎಲ್ಲರ ಮಾತೂ ಕೇಳ್ತೀರಂತೆ, ಕೇರಿಯಲ್ಲೆಲ್ಲ ಅದೇ ಸುದ್ದಿ. ನನ್ನದೂ ಒಂದಿಷ್ಟು ಕೇಳಿ ಅಂತ ಬಂದೆ.”

ನಾನು ಬಾಯಿ ತೆರೆದೆ.

“ಊಹೂಂ!” ಅವಳು ಬೆರಳೆತ್ತಿದಳು. “ತುಟಿ ಮುಚ್ಚಿ. ಹಲ್ಲು ಬಿಡಿ. ನಾಲಿಗೆ ಮೇಲೆ. ಹಾಂ, ಈಗ ಸರಿ.”

ಅವಳು ಮದುವೆಯ ದಿನದಿಂದ ಶುರು ಮಾಡಿದಳು. ಹಸೆಮಣೆಯ ಮೇಲೆ ನಾನು ಅತಿಥಿಗಳ ಜೊತೆ ಬಸ್ಸಿನ ವೇಳಾಪಟ್ಟಿ ಮಾತಾಡುತ್ತಿದ್ದೆನಂತೆ, ತಲೆಯ ಮೇಲಿನ ಕಿರೀಟದ ಭಾರಕ್ಕೆ ಅವಳ ಕತ್ತು ಸೆಟೆದಿತ್ತಂತೆ. ನಾನು ನಕ್ಕೆ.

“ಇದು ನಗೋ ವಿಷಯ. ನಗದೇ ಇರೋದೂ ಇದೆ” ಎಂದಳು. “ನಮ್ಮಮ್ಮ ಹೋದ ದಿನ ನಿಮಗೊಂದು ಮಾತು ಹೇಳೋಕೆ ಬಂದಿದ್ದೆ. ನೀವು ದಾರಿಯಲ್ಲಿ ಕೆಟ್ಟು ನಿಂತ ಬಸ್ಸಿನ ಕಥೆ ಹೇಳ್ತಿದ್ರಿ. ಮುಗೀಲಿ ಅಂತ ಕಾದೆ. ಮುಗಿಯೋ ಹೊತ್ತಿಗೆ ನನಗೇ ಬೇಡ ಅನ್ನಿಸ್ತು.”

ನನ್ನ ನಗು ನಿಂತಿತು. ನಾಚಿಕೆಯಾಯಿತು. “ಏನು ಮಾತು, ಬೂನೆ?” ಎಂದೆ ಹಲ್ಲಿನ ಸಂದಿಯಿಂದ.

“ಅದಕ್ಕೆ ಈಗಲೇ ಹಾರೋಕಾಗಲ್ಲ ಯಜಮಾನರೇ. ಸಾಲಾಗಿ ಬರ್ತೀನಿ. ಮೊದಲನೇ ವರ್ಷವೇ ಇನ್ನೂ ಇದೆ.”

ಅಂದಿನಿಂದ ದಿನವೂ ಬರುತ್ತಾಳೆ, ಹಿತ್ತಿಲಿಂದ ಹೋಗಿ ಮುಂಬಾಗಿಲಿನಿಂದ. ಜನರ ಸಾಲಿನ ಕೊನೆಗೆ ನಿಂತು ತನ್ನ ಸರದಿ ಕಾಯುತ್ತಾಳೆ. ನಾನೂ ಕಾಯುತ್ತೇನೆ. ಅವಳು ಎದುರು ಕೂತು ಮೆಲ್ಲಗೆ ಹೇಳತೊಡಗಿದರೆ, ಬೆಳಗು ಎತ್ತ ಸರಿಯಿತೆಂದು ತಿಳಿಯುವುದಿಲ್ಲ. ನಾನು ಒಂದೇ ಮನೆಯಲ್ಲಿದ್ದೂ ಎಂದೂ ಕಾಣದ ಒಂದು ಊರನ್ನು ಅವಳು ಬೀದಿ ಬೀದಿಯಾಗಿ ತೋರಿಸುತ್ತಿದ್ದಾಳೆ. ನಾನು ಗಲ್ಲವನ್ನೂ ಹಿಂದಕ್ಕೆಳೆಯುವುದಿಲ್ಲ, ಸುಮ್ಮನೆ ಕೇಳುತ್ತೇನೆ.

ನಿನ್ನೆ ಎದ್ದು ಹೋಗುವಾಗ ಚಪ್ಪಲಿ ಮೆಟ್ಟಿಕೊಳ್ಳುತ್ತ ಹೇಳಿದಳು:

“ಯಜಮಾನರೇ, ನನ್ನ ದೂರು ನಿಮ್ಮ ಒಂದು ಅವಧಿಯಲ್ಲಿ ಮುಗಿಯೋ ಹಾಗೆ ಕಾಣೋಲ್ಲ. ಮುಂದಿನ ಸಲ ಸಭೆಯಲ್ಲಿ ನಿಮ್ಮ ಹೆಸರನ್ನ ನಾನೇ ಹೇಳ್ತೀನಿ. ಸುಮ್ಮನೆ ಕೂತಿರಿ, ಸಾಕು.”